ಯಾದಿಯೊಳಗೆ ಕೂಡಿಹೋದ ಅಕ್ಕ

ಸೊಲ್ಲಾಪುರ ನವಿ ಪೇಠದ ಶಂಕರೆಪ್ಪನವರು ಕಂಪ್ಯೂಟರ್ ಕಲಿತದ್ದು ತಮ್ಮ ಐವತ್ತೆಂಟನೆಯ ವಯಸ್ಸಿನಲ್ಲಿ, ಹದಿನೈದು ದಿವಸದಲ್ಲಿ. ಅದರಲ್ಲಿ ಎರಡು ಆಯಿತವಾರ ಸೂಟಿಗೆ ಹೋದವು, ಒಂದು ದಿವಸ ಕರೆಂಟ್ ಇರಲಿಲ್ಲ. ಉಳಿದ ಹನ್ನೆರಡು ದಿವಸ ಇಸ್ತ್ರಿ ಅಂಗಿ ಹಾಕಿಕೊಂಡು ಹೋಗಿ ಕೂತರು. ಕ್ಲಾಸಿನವರು ಸರ್ಟಿಫಿಕೇಟ್ ಕೊಟ್ಟರು. ಅದಕ್ಕೆ ಚೌಕಟ್ಟು ಹಾಕಿಸಿ, ತಮ್ಮ ಅರಿವೆ ಅಂಗಡಿಯಲ್ಲಿದ್ದ, ತೀರಿಕೊಂಡ ಅಪ್ಪನ ಫೋಟೋದ ಬಾಜೂಕ್ಕೆ ತೂಗಹಾಕಿದರು. ಮರುದಿವಸ ಹೂವಿನಾಕಿ ಎರಡಕ್ಕೂ ಹಾರ ಹಾಕಿ, ಎರಡಕ್ಕೂ ಕೈಮುಗಿದು ಹೋದಳು. ಮನೆಯಲ್ಲಿ ಇನ್ನೊಬ್ಬರು ಹೋಗಿರಬೇಕು ಅಂತ ಆಕೆ ತಿಳಿದಿದ್ದಳು.

ಆ ಅಂಗಡಿಯಲ್ಲಿ ನಾನು ಅರಿವೆ ಅಳೆಯಲಿಕ್ಕೆ ನಿಂತು ಐವತ್ತೈದು ವರ್ಷವಾಯಿತು. ಸಾಲಿ ಮೂರನೆಯ ಇಯತ್ತೆಗೆ ಬಿಟ್ಟವನು. ಶಂಕರೆಪ್ಪನವರಿಗೆ ಆಗ ಮೂರು ವರ್ಷ, ಈಗ ಅವರು ಸಾವಕಾರರು. ಆದರೂ ನನ್ನನ್ನು ಕಾಕಾ ಅನ್ನುವುದು ಬಿಟ್ಟಿಲ್ಲ. ಮನುಷ್ಯ ಒಳ್ಳೆಯವರು. ಒಮ್ಮೆ ಬಜಾರ ಬಂದ್ ಇದ್ದ ದಿವಸ ಅಂಗಡಿ ತೆಗೆದು ಕೂತು, ಸಂಜೆಯ ತನಕ, "ಈಗೀಗ ಗಿರಾಕಿಗೆ ನಿಯತ್ತ ಉಳಿದಿಲ್ಲ ಕಾಕಾ" ಅಂತ ಬೇಜಾರ ಮಾಡಿಕೊಂಡಿದ್ದರು. ಅಂಥವರು.

ಅವರ ಮಗಳು ಪ್ರಣಿತಾಳಿಗೆ ಅಕ್ಕಲಕೋಟದ ಶೈಲೇಶನ ಜೊತೆ ಲಗ್ನ ಗೊತ್ತಾಯಿತು. ನಮ್ಮ ಕಡೆ ಲಗ್ನಕ್ಕಿಂತ ಮೊದಲು ಯಾದಿ ಆಗಬೇಕು. ಎರಡೂ ಕಡೆಯ ಹಿರಿಯರು ಕೂತು, ಯಾವ ಬೀಗರಿಗೆ ಯಾವ ಆಯೇರಿ ಅಂತ ಕಾಗದದ ಮೇಲೆ ಬರೆಯುತ್ತಾರೆ. ಯಾರಿಗೆ ಇಳಕಲ್ ಸೀರೆ, ಯಾರಿಗೆ ನೂಲಿನ ಸೀರೆ, ಯಾರಿಗೆ ಬರೇ ಕುಬಸದ ಖಣ. ಗಂಡಸರಲ್ಲಿ ಯಾರಿಗೆ ಧೋತರ, ಯಾರಿಗೆ ಟಾವೆಲ್ ಟೊಪ್ಪಿಗೆ. ಕಾಗದದ ನಾಲ್ಕೂ ಮೂಲೆಗೆ ಅರಿಷಿಣ ಕುಂಕುಮ ಹಚ್ಚಿದ ಮೇಲೆ ಅದನ್ನು ಅಳಿಸುವ ಹಾಗಿಲ್ಲ. ಧೋತರ ಬರಬೇಕಾದಲ್ಲಿ ಟಾವೆಲ್ ಬಂತೆಂದು ಹದಿನೇಳು ವರ್ಷ ಮಾತು ಬಿಟ್ಟ ಸಡ್ಡಕರನ್ನು ನಾನು ಬಲ್ಲೆ. ಟಾವೆಲ್ ಹರಿದು ನೆಲ ಒರೆಸುವ ಅರಿವೆಯಾಗಿ ಅದೂ ಮುಗಿದಿತ್ತು. ಸಿಟ್ಟು ಮಾತ್ರ ಘಡಿ ಮುರಿಯದ ಹಾಗೆ ಹೊಸದೇ ಇತ್ತು.

ಇದರಲ್ಲಿ ಎಲ್ಲಕ್ಕಿಂತ ದೊಡ್ಡ ಮಾನ ಅಕ್ಕನದು. ಶಂಕರೆಪ್ಪನವರ ಅಕ್ಕ ಗಂಗುಬಾಯಿ, ಕುರನೂರಿಗೆ ಕೊಟ್ಟವಳು, ಮದುಮಗಳಿಗೆ ಸೋದರತ್ತೆ. ಅರಿಷಿಣ ಹಚ್ಚುವಾಗ ಮೊದಲ ಕೈ ಅತ್ತೆಯದು. ಆಕೆ ಕೈ ಹಚ್ಚದೆ ಇನ್ನೊಬ್ಬರು ಹಚ್ಚುವ ಹಾಗಿಲ್ಲ. ಅರಿಷಿಣ ಆಗದೆ ಅಕ್ಷತೆ ಬೀಳುವ ಹಾಗಿಲ್ಲ.

ಲಗ್ನಕ್ಕೆ ಎಂಟು ದಿವಸ ಉಳಿದಾಗ ಯಾದಿಗೆ ಬೀಗರು ಸೊಲ್ಲಾಪುರಕ್ಕೆ ಬಂದರು. ಮದುಮಗನ ಅಪ್ಪ ಬಂಡೆಪ್ಪನವರು ಯಾವುದೋ ಸರಕಾರಿ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಹೆಡ್ ಕ್ಲಾರ್ಕ್ ಆಗಿ ರಿಟೈರ್ ಆದವರು. ಸಂಗಡ ಮಗಳು ದೀಪಾಲಿ; ಒಂದು ಸಾಲಿಯ ಆಫೀಸಿನಲ್ಲಿ ಕಂಪ್ಯೂಟರ್ ಕೆಲಸ ಮಾಡುವಾಕಿ, ಲ್ಯಾಪ್‌ಟಾಪ್ ತಂದಿದ್ದಳು. ನಾನು ಎಂದಿನ ಹಾಗೆ ಉದ್ದ ಕಾಗದ, ಮಸಿ ಪೆನ್ನು ತಂದು ಇಟ್ಟೆ. ಶಂಕರೆಪ್ಪನವರು ಕಾಗದವನ್ನು ಮಡಿಚಿ ನನ್ನ ಕೈಯಲ್ಲೇ ವಾಪಸ್ ಕೊಟ್ಟರು.

"ಬೀಗರ, ಕಾಗದದ ಕಾಲ ಮುಗೀತು. ನಮ್ಮ ಮಂದಿ ನನ್ನ ಫೈಲಿನ್ಯಾಗ ಅದಾರ, ನಿಮ್ಮ ಮಂದಿ ನಿಮ್ಮ ಫೈಲಿನ್ಯಾಗ. ಒಂದ ಬಟನ್ ಒತ್ತಿದ್ರ ಎರಡೂ ಕೂಡಿ ಒಂದ ಯಾದಿ. ಹುಡುಗ ಹುಡುಗೀದು ಮುಂದಿನ ವಾರ, ಫೈಲಿಂದು ಇವತ್ತ ಲಗ್ನ!"

ದೀಪಾಲಿ ಅಂದಳು, "ಮಾಮಾರಿ, ನಿಮ್ದು ರೊಕ್ಕಾ ಕೊಟ್ಟ ತಂದ ಪ್ರೋಗ್ರಾಮ್, ನಮ್ದು ಪುಕ್ಕಟೆದು. ಎರಡರಾಗೂ ಫೈಲ್ ಕೂಡಸೂ ರೀತಿ ಬ್ಯಾರೆ ಬ್ಯಾರೆ ಐತ್ರಿ. ಒಂದಿಷ್ಟು ನೋಡಿ—"

"ಶೀಟ್ ಅಂದ್ರ ಶೀಟ್ ಅವ್ವಾ. ಸೊಲ್ಲಾಪುರ ಚಾದರ ಅಕ್ಕಲಕೋಟದಾಗ ಹಾಸಿದ್ರ ಘೋಂಗಡಿ ಕಂಬಳಿ ಆಗ್ತೈತೇನು?"

ಈ ಮಾತಿಗೆ ಎಲ್ಲರೂ ನಕ್ಕರು. ನಕ್ಕ ಮೇಲೆ ಹುಡುಗಿಯ ಮಾತು ಯಾರಿಗೆ ಬೇಕು? ಶಂಕರೆಪ್ಪನವರ ಹೆಂಡತಿ ಕಮಳಾಬಾಯಿ ತಟ್ಟೆ ತಂದು ಕಂಪ್ಯೂಟರಿನ ನಾಲ್ಕೂ ಮೂಲೆಗೆ ಅರಿಷಿಣ ಕುಂಕುಮ ಹಚ್ಚಿದಳು. ಲ್ಯಾಪ್‌ಟಾಪಿಗೂ ಹಚ್ಚಲಿಕ್ಕೆ ಹೋದಾಗ ದೀಪಾಲಿ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಬಟನ್ ಒತ್ತಿಯಾಯಿತು. ಕಣ್ಣು ಪಿಳುಕಿಸುವುದರೊಳಗೆ ಯಾದಿ ತಯಾರ.

"ನಮ್ಮವರು ಅರವತ್ತನಾಕು, ನಿಮ್ಮವರು ಐವತ್ತೆರಡು. ಎಲ್ಲಾ ಕೂಡಿ ತೊಂಬತ್ಮೂರು!" ಅಂದರು ಶಂಕರೆಪ್ಪನವರು.

ನನಗೆ ಲೆಕ್ಕ ಅಷ್ಟಾಗಿ ಬರುವುದಿಲ್ಲ. ಆದರೆ ಥಾನು ಅಳೆದು ಅಳೆದು, ಕಡಿಮೆ ಬಂದದ್ದು ಕೈಗೆ ತಿಳಿಯುತ್ತದೆ. "ಸಾವಕಾರ, ಇಪ್ಪತ್ಮೂರು ಮಂದಿ ಎಲ್ಲಿ ಹೋದ್ರು?" ಅಂತ ಕೇಳಿದೆ.

"ದುಬಾರಾ, ಎರಡೆರಡ ಸಲ ಬಂದವರನ್ನ ಅದು ತಾನ ತಗದಹಾಕ್ತೈತಿ ಕಾಕಾ. ಶಾಣ್ಯಾ ಐತಿ."

ಎರಡೂ ಮನೆತನಗಳ ನಡುವೆ ಇದೇ ಮೊದಲನೆಯ ಸಂಬಂಧ; ಲಗ್ನಕ್ಕೆ ಎಂಟು ದಿವಸ ಮೊದಲೇ ಎರಡೂ ಕಡೆಗೆ ಸೇರಿದ ಇಪ್ಪತ್ಮೂರು ಮಂದಿ ಎಲ್ಲಿಂದ ಬಂದರು ಅನ್ನುವುದು ನನ್ನ ತಲೆಗೆ ಹತ್ತಲಿಲ್ಲ. ಶಂಕರೆಪ್ಪನವರು ಆ ಯಾದಿಯನ್ನು ಅಲ್ಲೇ, ಎಲ್ಲರ ಎದುರಿಗೆ, ಲಗ್ನದ ಫೋನ್ ಗ್ರುಪ್ಪಿಗೆ ಬಿಟ್ಟರು. ಬಂಡೆಪ್ಪನವರು ಮಾತ್ರ ಮೂಗಿನ ತುದಿಯಿಂದ ಚಷ್ಮಾ ಮೇಲಕ್ಕೆ ದೂಡಿ, "ಎಲ್ಲಾ ಬರೋಬ್ಬರಿ ಐತಿ. ಆದ್ರ ನಿಮ್ಮ ಫೈಲಿಂದು ಒಂದ ನಕಲು ನಮಗೂ ಕೊಡ್ರಿ. ಮನ್ಯಾಗ ನಾವೂ ಒಮ್ಮಿ ಕೂಡಿಸಿ ಪಡತಾಳಾ ಮಾಡ್ತೀವಿ" ಅಂದರು. ಕಚೇರಿಯಲ್ಲಿ ಇದ್ದವರು, ಇನ್ನೊಬ್ಬರು ಕೂಡಿಸಿದ್ದನ್ನು ನಂಬುವ ರೂಢಿ ಇಲ್ಲ.

ಅಕ್ಕಲಕೋಟದಲ್ಲಿ ಮುಂದೆ ನಡೆದದ್ದನ್ನು ನನಗೆ ಹೇಳಿದವಳು ದೀಪಾಲಿ.

ಪುಕ್ಕಟೆ ಪ್ರೋಗ್ರಾಮು ಎರಡೂ ಫೈಲನ್ನು ಕೂಡಿಸಿತು, ಆದರೆ ಸೊಲ್ಲಾಪುರದ ಪ್ರೋಗ್ರಾಮಿನ ಹಾಗೆ ಮುಗಿಸಿ ಕೈ ತೊಳೆದುಕೊಳ್ಳಲಿಲ್ಲ. ಸೊಲ್ಲಾಪುರದಿಂದ ಬಂದ ಒಂದೊಂದು ಸಾಲಿಗೂ ಕೆಂಪು ಗೆರೆ ಎಳೆದು, ಕೆಳಗೆ ಎರಡು ಬಟನ್ ತೋರಿಸಿ, ಮಾಲಕರು ಏನಂತೀರಿ ಅಂತ ನಿಂತುಕೊಂಡಿತು.

"ಇದರಾಗ ಏನ ಬರದೈತಿ?" ಅಂತ ಬಂಡೆಪ್ಪನವರು ಕೇಳಿದರು.

"ಒಂದು ಮಂಜೂರ ಅಪ್ಪಾ, ಇನ್ನೊಂದು ನಾಮಂಜೂರ."

ಬಂಡೆಪ್ಪನವರ ಕಣ್ಣಲ್ಲಿ ನೀರು ಬಂತಂತೆ. ರಿಟೈರ್ ಆಗಿ ಆರು ವರ್ಷ. ಈ ಆರು ವರ್ಷದಲ್ಲಿ ಅವರಿಗೆ ಯಾರೂ ಏನನ್ನೂ ಮಂಜೂರ ಮಾಡ್ರಿ ಅಂದಿರಲಿಲ್ಲ. ಬದನೆಕಾಯಿ ಪಲ್ಯ ಮಾಡಲೋ ಬೇಡವೋ ಅಂತ ಸುದ್ದಾ ಯಾರೂ ಕೇಳಿರಲಿಲ್ಲ.

ಮರುದಿವಸ ಸರಿಯಾಗಿ ಹತ್ತಕ್ಕೆ ಜಳಕ ಮಾಡಿ, ಕಚೇರಿಯ ಹಳೆಯ ಕೋಟು ಹಾಕಿಕೊಂಡು ಲ್ಯಾಪ್‌ಟಾಪಿನ ಮುಂದೆ ಕೂತರು. ಹನ್ನೊಂದಕ್ಕೆ ಚಹಾ. ಒಂದರಿಂದ ಎರಡು ಊಟದ ಸೂಟಿ. ಆ ಹೊತ್ತಿನಲ್ಲಿ ಹೆಂಡತಿ ಬಂದು ಮಾತಾಡಿಸಿದರೆ ಎರಡರ ಮೇಲೆ ಬಾ ಅಂದರು. ಸಂಜೆಗೆ ಹನ್ನೊಂದು ಸಾಲು ಮುಗಿದಿದ್ದವು. ಅದರಲ್ಲಿ ಎರಡು ಮಂಜೂರ, ಒಂಬತ್ತು ನಾಮಂಜೂರ.

"ಅಪ್ಪಾ, ಅವರು ಹುಡುಗೀ ಕಡೆಯವರು. ಎಲ್ಲಾ ಮಂಜೂರ ಮಾಡೂದೈತಿ," ಅಂದಳು ದೀಪಾಲಿ.

"ಎಲ್ಲಾ ಮಂಜೂರ ಮಾಡೂದಾದ್ರ ಕಚೇರಿ ಯಾಕ ಬೇಕು? ಇಲ್ಲಿ ನೋಡು. 'ಅಕ್ಕಾ, ಇಳಕಲ್ ಸೀರಿ, ಕುರನೂರ.' ನಮ್ಮ ಫೈಲಿನ್ಯಾಗ 'ಅಕ್ಕಾ, ಇಳಕಲ್ ಸೀರಿ, ಮರವಡೆ' ಅಂತ ಆಗಲೇ ಐತಿ. ಒಂದ ಆಸಾಮಿ ಎರಡ ಊರಾಗ ಹ್ಯಾಂಗ ಇರ್ತೈತಿ?"

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ನಮ್ಮ ಜನ ಹಿರಿಯರ ಹೆಸರು ಹಿಡಿಯುವುದಿಲ್ಲ. ಬಾಯಿಂದ ಹಿಡಿಯಬಾರದ್ದನ್ನು ಬೆರಳಿಂದ ಹೇಗೆ ಹೊಡೆಯುವುದು? ಆದ್ದರಿಂದ ಶಂಕರೆಪ್ಪನವರು ತಮ್ಮ ಫೈಲಿನಲ್ಲಿ ಅಕ್ಕಾ, ದೊಡ್ಡ ಮಾಮಾ, ಸಣ್ಣ ಮಾಮಾ, ಕಾಕಾ, ಕಾಕಿ, ಮಾವಶಿ ಅಂತ ಬರೆದಿದ್ದರು. ಅಕ್ಕಲಕೋಟದ ಫೈಲನ್ನು ಬಂಡೆಪ್ಪನವರು ಹೇಳಿ ಬರೆಸಿದ್ದರು. ಅದರಲ್ಲೂ ಅಕ್ಕಾ, ದೊಡ್ಡ ಮಾಮಾ, ಸಣ್ಣ ಮಾಮಾ, ಕಾಕಾ, ಕಾಕಿ, ಮಾವಶಿ. ಕಂಪ್ಯೂಟರಿಗೆ ಏನು ಗೊತ್ತು? ಅದಕ್ಕೆ ಲೋಕದಲ್ಲಿ ಒಬ್ಬಳೇ ಅಕ್ಕ. ಸೊಲ್ಲಾಪುರದ್ದು ಯಾರನ್ನೂ ಕೇಳದೆ ಅಕ್ಕಲಕೋಟದ ಅಕ್ಕನ ಮೇಲೆ ನಮ್ಮ ಅಕ್ಕನನ್ನು ಕೂಡಿಸಿಬಿಟ್ಟಿತ್ತು. ಅಕ್ಕಲಕೋಟದ್ದು ಕೇಳಿತು, ಕೇಳಿದ್ದು ಬಂಡೆಪ್ಪನವರನ್ನು.

ಮೂರನೆಯ ದಿವಸ ಶಂಕರೆಪ್ಪನವರ ಫೋನಿಗೆ ಒಕ್ಕಣಿಕೆ ಬಂತು. "ವಿಷಯ: ಅಕ್ಕಾ. ಸದರಿ ಅಕ್ಕಾ ಇವರ ಜಾಗಾ ಆಗಲೇ ಭರತಿ ಆಗಿರುವುದರಿಂದ ನಾಮಂಜೂರ. ತಕರಾರು ಇದ್ದಲ್ಲಿ ಕುರನೂರ ಮುಕ್ಕಾಮಿನಲ್ಲಿ ಪ್ರತ್ಯಕ್ಷ ಪಂಚನಾಮಾ ಮಾಡಲಾಗುವುದು. ಒಬ್ಬ ಪಂಚರನ್ನು ಕಳಿಸಬೇಕು."

ಇದನ್ನು ಶಂಕರೆಪ್ಪನವರು ಎರಡು ಸಲ ಓದಿದರು. "ಬೀಗರು ಚಾಷ್ಟಿ ಮಾಡಾಕತ್ತಾರ ಕಾಣ್ತೈತಿ. ಕಾಕಾ, ಹೆಂಗಾದ್ರೂ ಅಕ್ಕಗ ಕರಿಯೂದು ಐತಿ, ನೀವ ಹೋಗಿ ಬರ್ರಿ," ಅಂದರು. ಹೀಗೆ ನಾನು ಪಂಚನಾದೆ.

ಎಸ್‌ಟಿ ಬಸ್ಸು ಹಿಡಿದು ಹೋದೆ. ಕುರನೂರಿನಲ್ಲಿ ಗಂಗುಬಾಯಿ ಕಟ್ಟೆಯ ಮೇಲೆ ಮೊರ ಹಿಡಿದು ಜೋಳ ಹಸನ ಮಾಡುತ್ತಿದ್ದಳು. ಬಂಡೆಪ್ಪನವರು ನನಗಿಂತ ಮೊದಲೇ ಬಂದು, ಕೋಟು ಹಾಕಿಕೊಂಡು ಬೇವಿನ ಗಿಡದ ಕೆಳಗೆ ನಿಂತಿದ್ದರು. ಪಂಚರಿಲ್ಲದೆ ಒಳಗೆ ಹೋಗುವ ಹಾಗಿಲ್ಲವಂತೆ.

"ಬರ್ರಿ ಬರ್ರಿ ಬೀಗರ, ಬಿಸಲಾಗ ಬಂದೀರಿ. ಅಣ್ಣಾ, ನೀನೂ ಬಾರೋ. ಚಾ ಇಡ್ತೀನಿ," ಅಂತ ಗಂಗುಬಾಯಿ ಏಳಲಿಕ್ಕೆ ಹೋದಳು.

"ಚಾ ಆಮ್ಯಾಲ್ರಿ," ಅಂತ ಬಂಡೆಪ್ಪನವರು ವಹಿ ತೆಗೆದರು. "ಕಂಪ್ಯೂಟರಿನ ಯಾದ್ಯಾಗ ನೀವು ಅಕ್ಕಾ ಅಂತ ದಾಖಲ ಆಗೀರಿ. ನೀವು ಅಕ್ಕಾ ಹೌದಂಬೂದಕ್ಕ ಏನರೆ ಪುರಾವಾ ಐತೇನ್ರಿ?"

ಗಂಗುಬಾಯಿಯ ಬೆರಳು ಮೊರದಲ್ಲಿ ನಿಂತಿತು. "ಏನಂದ್ರಿ?"

"ಸಿಟ್ಟ ಆಗಬ್ಯಾಡ್ರಿ, ಪದ್ಧತಿ ಐತಿ. ಕಾಗದ, ದಾಖಲಾ, ಏನಿದ್ರೂ ನಡೀತೈತಿ. ಝೆರಾಕ್ಸ್ ಸುದ್ದಾ."

"ನಮ್ಮವ್ವ ಸತ್ತಾಗ ಶಂಕ್ರಗ ಮೂರ ವರ್ಷ. ಕಂಕಳಾಗ ಹೊತ್ತು ಹೊತ್ತು ನನ್ನ ಸ್ವಂಟ ಇವತ್ತೂ ಎಡಕ್ಕ ವಾಲೇತಿ. ಎದ್ದ ನಿಂದ್ರಲ್ಯಾ? ಅಳತಿ ತಗೋತೀರಿ?"

ನನಗೆ ಅದು ನೆನಪಿದೆ. ಹದಿನೈದು ವರ್ಷದ ಹುಡುಗಿ ಆ ಕೂಸನ್ನು ಸೊಂಟದ ಮೇಲೆ ಇಟ್ಟುಕೊಂಡು ಅಂಗಡಿಗೆ ಅಪ್ಪನ ಬುತ್ತಿ ತರುತ್ತಿದ್ದಳು. ಒಂದು ಕೈಯಲ್ಲಿ ಬುತ್ತಿ, ಇನ್ನೊಂದು ಕೈಯಲ್ಲಿ ಅವನ ಮೂಗು ಒರೆಸುವುದು. ಇದನ್ನು ಹೇಳೋಣ ಅಂತ ನಾನು ಬಾಯಿ ತೆಗೆಯುವುದರೊಳಗೆ ಬಂಡೆಪ್ಪನವರು ಬರೆದುಕೊಂಡು, ಬರೆದದ್ದನ್ನು ಪದ್ಧತಿಯ ಪ್ರಕಾರ ಗಟ್ಟಿಯಾಗಿ ಓದಿದರು: "ಸ್ವಂಟ, ಎಡಕ್ಕೆ. ಡಾಕ್ಟರ ಸರ್ಟಿಫಿಕೇಟ್ ಜೋಡಿಸಬೇಕು."

ಗಂಗುಬಾಯಿ ಮೊರ ಕೆಳಗಿಟ್ಟಳು. ನನ್ನ ಕಡೆ ತಿರುಗಿದಳು.

"ಅಣ್ಣಾ, ಶಂಕ್ರಗ ಹೇಳು. ಅಕ್ಕ ಹೌದೋ ಅಲ್ಲೋ ಅಂತ ಗೊತ್ತಾಗೂತನ ನಾ ಕುರನೂರ ಬಿಟ್ಟ ಬರಂಗಿಲ್ಲ. ಅರಿಷಿಣಕ್ಕ ಕೈ ಹಚ್ಚಂಗಿಲ್ಲ. ಆ ಕಂಪ್ಯೂಟರಿಗೆ ಕೈ ಅದಾವೇನು? ಇದ್ರ ಅದರ ಕಡಿಂದ ಹಚ್ಚಸ್ಕೊ ಅನ್ನು."

"ಪಂಚರ ಸಹಿ," ಅಂತ ಬಂಡೆಪ್ಪನವರು ನನ್ನ ಮುಂದೆ ವಹಿ ಹಿಡಿದರು.

ಸೊಲ್ಲಾಪುರಕ್ಕೆ ಬಂದು ಸುದ್ದಿ ಹೇಳಿದೆ. ಶಂಕರೆಪ್ಪನವರು ಗಾದಿಯ ಮೇಲೆ ಕುಸಿದು ಕೂತರು. ಅಕ್ಕ ಬರದಿದ್ದರೆ ಲಗ್ನ ನಿಲ್ಲುತ್ತದೆ ಅನ್ನುವುದು ಒಂದು; ಐವತ್ತೆಂಟು ವರ್ಷದಲ್ಲಿ ಆಕೆ ತಮ್ಮನ ಮೇಲೆ ಮುನಿದದ್ದು ಇದೇ ಮೊದಲು ಅನ್ನುವುದು ಇನ್ನೊಂದು. ಆ ಎರಡನೆಯದೇ ಅವರನ್ನು ಹೆಚ್ಚು ಕಾಡಿತು. ಮಧ್ಯಾಹ್ನದ ಊಟ ಬಿಟ್ಟರು. ಬಿಟ್ಟದ್ದು ಮರೆತು, ಊಟ ಆಯಿತೆಂದು ನೀರು ಕುಡಿದು ಕೈ ಒರೆಸಿಕೊಂಡರು.

ನಂತರ ಫೋನ್ ಎತ್ತಿದರು. "ಬೀಗರ, ನಿಮ್ಮ ಶೀಟು ನಮ್ಮ ಅಕ್ಕನ್ನ ಕೆಂಪ ಗೆರಿ ಎಳದು ತಗದಹಾಕೇತಿ. ಇದು ಮನಷ್ಯಾರ ರೀತಿ ಏನ್ರಿ?"

ಆ ಕಡೆಯಿಂದ ಬಂಡೆಪ್ಪನವರು ಕೂಗಿದ್ದು ನನ್ನ ತನಕ ಕೇಳಿಸಿತು. "ನಮ್ದು ಕೇಳಿ ತಗದೈತ್ರಿ! ನಿಮ್ದು ಕೇಳದ ನುಂಗೇತಿ! ಗ್ರುಪ್ಪಿನ್ಯಾಗ ನೀವು ಬಿಟ್ಟ ಯಾದಿ ತಗದ ನೋಡ್ರಿ. ನಮ್ಮ ಅಕ್ಕನ ಊರ ಮರವಡೆ ಎಲ್ಲಿ ಐತಿ? ಅಕಿ ಇವತ್ತ ಮುಂಜಾನಿಂದ ನನ್ನ ಫೋನ್ ಎತ್ತವಲ್ಲಳು. ಶೈಲೇಶನ ಅರಿಷಿಣಕ್ಕ ಅಕೀದ ಮೊದಲನೇ ಕೈ!"

ಶಂಕರೆಪ್ಪನವರು ಯಾದಿ ತೆಗೆದು ನೋಡಿದರು. ತೊಂಬತ್ಮೂರು ಮಂದಿಯಲ್ಲಿ ಅಕ್ಕಾ ಒಬ್ಬಳೇ, ಕುರನೂರದಾಕಿ. ಮರವಡೆ ಎಲ್ಲಿಯೂ ಇರಲಿಲ್ಲ. ಅವರು ಚಷ್ಮಾ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಮರವಡೆ ಆಗಲೂ ಇರಲಿಲ್ಲ.

ಮರುದಿವಸ ಮುಂಜಾನೆ ಬಂಡೆಪ್ಪನವರು, ದೀಪಾಲಿ ಅಂಗಡಿಗೆ ಬಂದರು. ಗಾದಿಯ ಒಂದು ತುದಿಗೆ ಕಂಪ್ಯೂಟರ್, ಇನ್ನೊಂದು ತುದಿಗೆ ಲ್ಯಾಪ್‌ಟಾಪ್. ನಡುವೆ ಇಬ್ಬರು ಬೀಗರು, ಹುಂಜ ಕಾದಾಡಿಸುವವರ ಹಾಗೆ.

"ನಮ್ದು ಕಂಪನಿ ಮಾಲ್ ಐತಿ!"

"ನಮ್ದಕ್ಕ ಪದ್ಧತಿ ಐತಿ!"

ದೀಪಾಲಿ ಎರಡೂ ಕೈ ಎತ್ತಿದಳು. "ಇಬ್ಬರೂ ಒಂದೀಟ ಕೇಳ್ರಿ. ಮಾಮಾರ್ದು ಯಾರನ್ನೂ ಕೇಳಂಗಿಲ್ಲ. ಕಡೀಕ ಯಾರ ಫೈಲ್ ಬಂತೋ ಅವರ್ದ ಖರೆ ಅಂತೈತಿ. ಅಪ್ಪಾಂದು ಎಲ್ಲಾ ಕೇಳ್ತೈತಿ. ಕುರ್ಚಿ ಮ್ಯಾಲ ಯಾರ ಕುಂತಾರೋ ಅವರ್ದ ಖರೆ ಅಂತೈತಿ. ಇಷ್ಟ ಫರಕು. ಆದ್ರ ಎರಡಕ್ಕೂ ಅಕ್ಕಾ ಅಂದ್ರ ಒಬ್ಬಾಕಿನ. ಹೆಸರ ಬರೀದ ತಪ್ಪ ನಿಮ್ದು, ಅದರ್ದಲ್ಲ."

"ಅಕ್ಕನ ಹೆಸರ ಬರೀಬೇಕಂತ!" ಅಂತ ಶಂಕರೆಪ್ಪನವರು ಬಂಡೆಪ್ಪನವರ ಕಡೆ ನೋಡಿದರು.

"ಕಾಲ ಕೆಟ್ಟೈತ್ರಿ," ಅಂದರು ಬಂಡೆಪ್ಪನವರು. ಆ ದಿವಸ ಇಬ್ಬರೂ ಕೂಡಿ ಆಡಿದ ಮೊದಲ ಮಾತು ಅದು.

ಅಷ್ಟರಲ್ಲಿ ಅಂಗಡಿಯ ಮುಂದೆ ಒಂದು ರಿಕ್ಷಾ ನಿಂತಿತು. ಒಂಬತ್ತು ಗಜದ ನೌವಾರಿ ಸೀರೆ ಉಟ್ಟ, ಎತ್ತರದ ಮುದುಕಿ ಇಳಿದಳು. ಬಂಡೆಪ್ಪನವರು ತಟ್ಟನೆ ಎದ್ದು ಕೋಟಿನ ಗುಂಡಿ ಹಾಕಿಕೊಂಡರು. ಆಗಲೇ ನನಗೆ ತಿಳಿಯಿತು, ಇವಳು ಅವರ ಅಕ್ಕ, ಮರವಡೆಯ ಸುಗಲಾಬಾಯಿ.

"ಶಂಕರೆಪ್ಪ ಬೀಗರು ಅಂದ್ರ ನೀವ ಏನ್ರಿ? ನನ್ನ ಸೀರಿ ಕುರನೂರಿಗೆ ಕಳಿಸಿದವ್ರು?"

ಶಂಕರೆಪ್ಪನವರು ಗಡಿಬಿಡಿಯಲ್ಲಿ, "ನಾ ಅಲ್ರಿ, ಬಟನ್ನು," ಅಂದರು.

ಬಟನ್ ಯಾವುದು ಅಂತ ಆಕೆ ಹುಡುಕುತ್ತಿದ್ದಾಗ ಎರಡನೆಯ ರಿಕ್ಷಾ ಬಂತು. ಅದರಿಂದ ಸೊಂಟ ಎಡಕ್ಕೆ ವಾಲಿಸಿಕೊಂಡು ಇಳಿದವಳು ಗಂಗುಬಾಯಿ. ತಮ್ಮನಿಗೆ ಬರುವುದಿಲ್ಲ ಅಂತ ಹೇಳಿ ಕಳಿಸಿದ್ದಳು. ಆದರೆ ಬರುವುದಿಲ್ಲ ಅಂತ ತಾನೇ ಬಂದು ಹೇಳದೆ ಆಕೆಗೆ ಸಮಾಧಾನ ಆಗಿರಲಿಲ್ಲ.

ಇಬ್ಬರೂ ಗಾದಿಯ ಎದುರಿಗೆ ಎದುರುಬದುರಾದರು.

"ನೀ ಯಾರವ್ವಾ?" ಅಂದಳು ಗಂಗುಬಾಯಿ.

"ನಾ ಅಕ್ಕ. ನೀ ಯಾರು?"

"ನಾನೂ ಅಕ್ಕ."

"ಹಂಗಾರ ನನ್ನ ಸೀರಿ ತಿಂದಾಕಿ ನೀನ?"

"ನಿನ್ನ ಸೀರಿ ನಾ ಯಾಕ ತಿನ್ಲಿ? ನನ್ನ ಜಾಗಾದಾಗ ಕುಂತಾಕಿ ನೀನ!"

ನವಿ ಪೇಠದ ಬಾಜೂಕಿನ ಎರಡು ಅಂಗಡಿಯ ಗಿರಾಕಿಗಳು ನಮ್ಮ ಮೆಟ್ಟಿಲ ಮೇಲೆ ಬಂದು ನಿಂತರು. ಎದುರಿನ ಪಾತ್ರೆ ಅಂಗಡಿಯವನು ಸ್ಟೂಲೇ ತಂದ. ಬಂಡೆಪ್ಪನವರು ಮೆಲ್ಲಗೆ, "ಇಬ್ಬರ ಜವಾಬೂ ಬರಕೊಂಡ್ರ ಚಲೋ" ಅಂತ ವಹಿ ತೆಗೆದರು. ಸುಗಲಾಬಾಯಿ ಅದನ್ನು ಕಂಡಳು.

"ನೋಡಿದ್ಯಾ? ಸಣ್ಣಾಂವಿದ್ದಾಗ ಸುದ್ದಾ ಹಿಂಗ. ಊಟಕ್ಕ ಹಾಕಿದ್ರ ಎಷ್ಟ ರೊಟ್ಟಿ ಆದೂ ಅಂತ ಗ್ವಾಡಿ ಮ್ಯಾಲ ಬರೀತಿದ್ದ."

ಗಂಗುಬಾಯಿ ಬಂಡೆಪ್ಪನವರನ್ನು ನೋಡಿದಳು. ನಂತರ ತನ್ನ ತಮ್ಮನನ್ನು ನೋಡಿದಳು. "ಇವನೂ ಹಂಗ. ಸಾಲಿಗಿ ಕಳಿಸಿದ್ರ ಬ್ಯಾರೆ ಸಾಲ್ಯಾಗ ಹೋಗಿ ಕುಂದರತಿದ್ದ. ಎರಡ ದಿನ ಆದ ಮ್ಯಾಲ ಮಾಸ್ತರ್ರು ತಂದ ಬಿಟ್ರು."

"ನೀನ ಬೆಳಸಿದ್ಯಾ?"

"ನಾನ. ನೀ?"

"ನಾನೂ."

ಸುಗಲಾಬಾಯಿ ಗಾದಿಯ ಮೇಲೆ ಕೂತಳು. ಸೊಂಟದಿಂದ ಎಲೆಯಡಿಕೆಯ ಚಂಚಿ ಬಿಚ್ಚಿ, ಎಲೆಗೆ ಸುಣ್ಣ ಹಚ್ಚಿ ಮೊದಲ ಎಲೆಯನ್ನು ಗಂಗುಬಾಯಿಯ ಮುಂದೆ ಹಿಡಿದಳು. ಗಂಗುಬಾಯಿ ಪಕ್ಕದಲ್ಲೇ ಕೂತು ತಗೊಂಡಳು. ಕೇಳದೆ ಕೂಡಿಸುವುದೂ ಅಲ್ಲ, ಕೇಳಿ ಕೇಳಿ ಕೂಡಿಸುವುದೂ ಅಲ್ಲ; ಮೂರನೆಯ ರೀತಿ ಒಂದು ಇದೆ ಅನ್ನುವುದನ್ನು ಕ್ಲಾಸಿನವರು ಹೇಳಿಕೊಟ್ಟಿರಲಿಕ್ಕಿಲ್ಲ.

ಎಲೆ ಅರ್ಧ ಆದ ಮೇಲೆ ತೀರ್ಪು ಬಂತು. ಹೇಳಿದವಳು ಗಂಗುಬಾಯಿ, ತಲೆಯಾಡಿಸಿದವಳು ಸುಗಲಾಬಾಯಿ.

"ಇಬ್ಬರೂ ಕೇಳ್ರಿ. ಯಾದ್ಯಾಗ ಎಲ್ಲಾರ್ದೂ ಹೆಸರ ಬರೀಬೇಕು. ನಂದು, ಇಕೀದು, ಕಾಕೀದು, ಮಾವಶೀದು, ಎಲ್ಲಾರ್ದು. ಯಾರೂ ಯಾರ ಮ್ಯಾಲೂ ಕುಂದ್ರಬಾರದು. ಅದಾದ್ರ ಇಬ್ಬರೂ ಬರ್ತೀವಿ. ಇಲ್ಲಂದ್ರ ಇಬ್ಬರೂ ಬರಂಗಿಲ್ಲ."

ಮೊದಲು ಒಬ್ಬೊಬ್ಬ ತಮ್ಮನ ಮೇಲೆ ಒಬ್ಬೊಬ್ಬ ಅಕ್ಕ ಸಿಟ್ಟಾಗಿದ್ದಳು. ಹೇಗಾದರೂ ಒಬ್ಬಳನ್ನು ರಮಿಸಬಹುದಿತ್ತು. ಈಗ ನಿಜವಾಗಿಯೂ ಇಬ್ಬರು ಕೂಡಿ ಒಂದಾಗಿದ್ದರು. ತಮ್ಮಂದಿರಿಬ್ಬರೂ ಒಪ್ಪಿದರು.

ಹೆಸರು ಬರೆಯುವುದು ಒಂದು ತಾಸಿನ ಕೆಲಸ ಅಂತ ತಿಳಿದಿದ್ದೆವು. ಎರಡು ದಿವಸ ಹಿಡಿಯಿತು. ಗಂಡಸರ ಹೆಸರು ಸರಸರ ಬಂದವು. ಹೆಣ್ಣುಮಕ್ಕಳಲ್ಲಿ ಮೂವತ್ತೊಂದು ಮಂದಿಯ ಹೆಸರು ಎರಡೂ ಮನೆಯ ಒಬ್ಬ ಗಂಡಸಿಗೂ ಗೊತ್ತಿರಲಿಲ್ಲ. ಬಂಡೆಪ್ಪನವರು ಮೂವತ್ತನಾಲ್ಕು ವರ್ಷ ತಾಲೂಕಿನ ಜನರಿಗೆ ಪೂರ್ತಿ ಹೆಸರು ಬರೀರಿ ಅಂತ ಅರ್ಜಿ ತಿರುಗಿಸಿ ಕೊಟ್ಟವರು; ತಮ್ಮ ಮನೆಯಲ್ಲೇ ಹತ್ತು ಹೊತ್ತು ಉಂಡ ಮಾವಶಿಯ ಹೆಸರಿಗೆ ತಲೆ ಕೆರೆದುಕೊಂಡರು. ಶಂಕರೆಪ್ಪನವರು ತಮ್ಮ ಸಣ್ಣ ಕಾಕಾನಿಗೆ ಫೋನ್ ಹಚ್ಚಿ ಸ್ಪೀಕರ್ ಮೇಲೆ ಇಟ್ಟರು.

"ಕಾಕಾ, ಕಾಕೀ ಹೆಸರ ಏನ್ರಿ?"

"ಯಾಕೋ?"

"ಯಾದ್ಯಾಗ ಬೇಕ್ರಿ."

"ನಾ 'ಏ' ಅಂತೀನಪಾ. ಬರ್ತಾಳ."

"ಅದಲ್ರಿ. ಹೆಸರು."

"ತಡಿ. ಏ! ಏ, ಇಲ್ಲಿ ಬಾ. ನಿನ್ನ ಹೆಸರ ಏನ?"

ದೂರದಿಂದ ಪಾತ್ರೆ ಇಟ್ಟ ಸಪ್ಪಳ, ಅದರ ಹಿಂದೆ ಒಂದು ಹೆಂಗಸಿನ ಧ್ವನಿ. "ಲಗ್ನಾಗಿ ನಾಲ್ವತ್ತೊಂದ ವರ್ಷ ಆತು, ಇವತ್ತ ಕೇಳ್ತಾರ ನೋಡವ್ವಾ ಹೆಸರು!"

"ಏ, ಶಂಕ್ರ ಕೇಳಾಕತ್ತಾನ. ಹೇಳು."

"ಆಧಾರ ಕಾರ್ಡ ನಿಮ್ಮ ಪೆಟಿಗ್ಯಾಗ ಐತಿ. ಓದಿ ಹೇಳ್ರಿ. ನಿಮಗೂ ಗೊತ್ತಾಗ್ತೈತಿ."

ಉಮಾಬಾಯಿ ಅಂತ ತಿಳಿಯುವುದಕ್ಕೆ ಇಪ್ಪತ್ತು ನಿಮಿಷ ಬೇಕಾಯಿತು; ಕಾಕಾನ ಚಷ್ಮಾ ಸಿಕ್ಕಿರಲಿಲ್ಲ. ಗಾದಿಯ ಮೇಲೆ ಎಲೆ ಮೆಲ್ಲುತ್ತ ಕೂತ ಇಬ್ಬರು ಅಕ್ಕಂದಿರು ಒಂದೊಂದು ಹೆಸರು ಬಂದಾಗಲೂ, "ಹ್ಞಾಂ, ಬರಿ" ಅನ್ನುತ್ತಿದ್ದರು. ಅವರಿಗೆ ಮೂವತ್ತೊಂದೂ ಹೆಸರು ಮೊದಲಿನಿಂದಲೇ ಗೊತ್ತಿದ್ದವು ಅನ್ನುವುದು ನನಗೆ ನಂತರ ತಿಳಿಯಿತು. ಕೇಳಿದ್ದಕ್ಕೆ ಗಂಗುಬಾಯಿ, "ಅವರ ಹುಡುಕಲಿ" ಅಂದಳು.

ಎರಡನೆಯ ದಿವಸ ಸಂಜೆಗೆ ಎರಡೂ ಫೈಲು ಮತ್ತೆ ಕೂಡಿಸಿದರು. ಸೊಲ್ಲಾಪುರದ ಪ್ರೋಗ್ರಾಮು ಯಾರನ್ನೂ ಕೇಳದೆ ನೂರಾ ಹದಿನಾರು ಅಂತ ತೋರಿಸಿತು. ಅಕ್ಕಲಕೋಟದ್ದು ಮತ್ತೆ ಕೆಂಪು ಗೆರೆ ಎಳೆದು, ಮಾಲಕರು ಏನಂತೀರಿ ಅಂತ ನಿಂತಿತು. ದೀಪಾಲಿ ಅಪ್ಪನಿಗೆ ಮೂರನೆಯ ಬಟನ್ ಒಂದನ್ನು ತೋರಿಸಿದಳು.

"ಇದು ಎಲ್ಲಾ ಮಂಜೂರ, ಅಪ್ಪಾ. ಒಮ್ಮಿ ಒತ್ತು, ಮುಗೀತು."

ಬಂಡೆಪ್ಪನವರು ಕೈ ಹಿಂದಕ್ಕೆ ಎಳೆದುಕೊಂಡರು. "ಎಲ್ಲಾ? ಒಮ್ಮಿಗೇ? ಕಾಗದ ನೋಡದ? ಅವ್ವಾ, ನನ್ನ ಕೈಲೆ ಅದು ಆಗಂಗಿಲ್ಲ. ಪೆನ್ಶನ್ ತಗೋತೀನಿ ನಾನು."

ಅವರು ಕಣ್ಣು ಮುಚ್ಚಿಕೊಂಡರು. ಬಟನ್ ದೀಪಾಲಿಯೇ ಒತ್ತಿದಳು.

ಲಗ್ನದ ಹಿಂದಿನ ದಿವಸ ಮುಂಜಾನೆ, ಸೊಲ್ಲಾಪುರದ ಮಂಗಲ ಕಾರ್ಯಾಲಯದಲ್ಲಿ ಎರಡೂ ಕಡೆಯ ಅರಿಷಿಣ ಒಂದೇ ಮಂಟಪದಲ್ಲಿ ಇಟ್ಟರು. ಅಕ್ಕಂದಿರ ಹುಕುಂ ಅದು. ಪ್ರಣಿತಾ, ಶೈಲೇಶ ಜೋಡಿ ಮಣೆಯ ಮೇಲೆ ಕೂತರು. ಒಂದು ಹಿತ್ತಾಳೆ ಬಟ್ಟಲಲ್ಲಿ ಅರಿಷಿಣ ಕಲಸಿ ಇಟ್ಟಿತ್ತು. ನೂರಾ ಹದಿನಾರರಲ್ಲಿ ನೂರಕ್ಕೂ ಹೆಚ್ಚು ಮಂದಿ ಬಂದಿದ್ದರು. ಸಣ್ಣ ಕಾಕಿ ಅಲ್ಲ, ಉಮಾಬಾಯಿ, ಮುಂದಿನ ಸಾಲಿನಲ್ಲಿಯೇ ಕೂತಿದ್ದಳು.

ಗಂಗುಬಾಯಿ ಮುಂದೆ ಬಂದು ಬಟ್ಟಲಲ್ಲಿ ಬಲಗೈ ಅದ್ದಿದಳು. ಕೈ ಎತ್ತಿ, ಮದುಮಗಳ ಕಡೆ ಬಾಗುವ ಮೊದಲು ನಿಂತಳು.

"ಶಂಕ್ರ, ಯಾದಿ ತಂದೀ ಏನೋ?"

"ತಂದೀನಿ ಅಕ್ಕಾ."

"ನನ್ನ ಹೆಸರ ಐತಿ?"

ಇಷ್ಟಕ್ಕೆ ಐತಿ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಶಂಕರೆಪ್ಪನವರಿಗೆ, ತಪ್ಪು ತಿದ್ದಿಕೊಂಡದ್ದು ಮಂದಿಗೆ ತಿಳಿಯಬೇಕಲ್ಲ ಅನ್ನಿಸಿತು. ಕಿಸೆಯಿಂದ ಪ್ರಿಂಟು ತೆಗೆದರು. ಬ್ಯಾಂಡಿನವರಿಗೆ ಕೈಮಾಡಿ ನಿಲ್ಲಿಸಿದರು. ಮೈಕು ಇಸಿದುಕೊಂಡರು. ಎದೆ ಉಬ್ಬಿಸಿ, ಇಡೀ ಕಾರ್ಯಾಲಯಕ್ಕೆ ಕೇಳುವ ಹಾಗೆ ಓದಿದರು:

"ನಂಬರ ಒಂದು. ಗಂಗುಬಾಯಿ!"

ಐವತ್ತೆಂಟು ವರ್ಷದಲ್ಲಿ ತಮ್ಮನ ಬಾಯಲ್ಲಿ ಆ ಹೆಸರು ಬಂದದ್ದು ಅದೇ ಮೊದಲು. ಅಡುಗೆಯವರು ಸುದ್ದಾ ಬಾಗಿಲಿಗೆ ಬಂದು ನೋಡಿದರು.

ಫಟ್ ಅಂತ ಒಂದು ಸಪ್ಪಳ ಆಯಿತು. ಮೈಕು ಹತ್ತಿರವೇ ಇದ್ದುದರಿಂದ ಹೊರಗೆ ರಸ್ತೆಯ ಮೇಲೂ ಕೇಳಿಸಿತಂತೆ.

"ಮಂದ್ಯಾಗ ಅಕ್ಕನ ಹೆಸರ ಹಿಡೀತೀ ಏನೋ ಭಾಡ್ಯಾ! ಬರಿ ಅಂದಿದ್ದೆ. ಕರಿ ಅಂದಿದ್ನೇನು?"

ಲಗ್ನದ ಮೊದಲ ಅರಿಷಿಣ, ಐದೂ ಬೆರಳು ಎಣಿಸಲಿಕ್ಕೆ ಬರುವ ಹಾಗೆ, ಮದುಮಗಳ ಅಪ್ಪನ ಕಪಾಳಕ್ಕೆ ಹತ್ತಿತು. ಕೈಯಲ್ಲಿ ಉಳಿದದ್ದನ್ನು ಗಂಗುಬಾಯಿ ಪ್ರಣಿತಾಳ ಎರಡೂ ಗಲ್ಲಕ್ಕೆ ಮೆಲ್ಲಗೆ ಸವರಿ, ಲಟಿಕೆ ಮುರಿದು, ಕಣ್ಣು ಒರೆಸಿಕೊಂಡಳು. ಶಂಕರೆಪ್ಪನವರ ಕಣ್ಣಲ್ಲೂ ನೀರಿತ್ತು. ಅದು ಪೆಟ್ಟಿಗೋ, ಅಕ್ಕ ಬಂದದ್ದಕ್ಕೋ ನಾನು ಕೇಳಲಿಲ್ಲ. ಮುಖದ ತುಂಬ ನಗುತ್ತಿದ್ದರು. ಮೈಕು ಬೀಗರ ಕೈಗೆ ಕೊಟ್ಟರು.

ಎರಡನೆಯ ನಂಬರ ಓದುವ ಪಾಳಿ ಬಂಡೆಪ್ಪನವರದು. ಅವರು ಕೋಟಿನ ಗುಂಡಿ ಹಾಕಿಕೊಂಡರು. ಕಾಗದ ನೋಡಿದರು. ಕಾಗದದ ಮೇಲಿನಿಂದ ಮಂಟಪದ ಕಡೆ ನೋಡಿದರು. ಸುಗಲಾಬಾಯಿ ಆಗಲೇ ಬಟ್ಟಲಲ್ಲಿ ಕೈ ಅದ್ದಿ, ತಮ್ಮನನ್ನೇ ನೋಡುತ್ತ ನಿಂತಿದ್ದಳು.

"ನಂಬರ ಎರಡು," ಅಂದು ಬಂಡೆಪ್ಪನವರು ಕೆಮ್ಮಿ, ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕಿಸೆಯಲ್ಲಿ ಇಟ್ಟುಕೊಂಡರು. "ಅಕ್ಕಾ."